ಸುಧಾಕರನ ಕಾವುಪೆಟ್ಟಿಗೆ

ಬಾವಿಕಟ್ಟೆಯಲ್ಲಿ ಮತ್ತೆ ನೀರು ಸುರಿದ ಸದ್ದು, ಕೆಲಸದ ಮುಂಡಪ್ಪ ಇನ್ನೂ ಕೈ ತೊಳೆಯುತ್ತಿದ್ದಾನೆ, ಬೂದಿ ಹಚ್ಚಿ ತೊಳೆದು ಮತ್ತೆ ಬೂದಿ ಹಚ್ಚಿ — ಮೂಡಬಿದ್ರೆಯ ಬಸ್ಸಿಳಿದು ಬಂದ ಸುಧಾಕರ ಚಪ್ಪಲಿಯನ್ನೂ ಕಳಚದೆ ಜಗಲಿಯಲ್ಲಿ ನಿಂತಿದ್ದಾನೆ, ಹೇಳಬೇಕು, ಈಗಲೇ ಹೇಳಬೇಕು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೇ ಬಂದದ್ದು. ಅಲ್ಲಿ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಇವನು ಒಯ್ದ ಮೊಟ್ಟೆಯನ್ನು ಕತ್ತರಿಯಿಂದ ಬಿಡಿಸಿದರು, ಒಳಗೆ ದಾರದಂಥ ಮರಿ, ಸತ್ತದ್ದು, ಅವರು ಗದರಲಿಲ್ಲ, ಗದರಿದ್ದರೆ ಒಳ್ಳೆಯದಿತ್ತು, ಇದನ್ನು ಮಗುಚಿದ್ದೀರಾ ಎಂದಷ್ಟೇ ಕೇಳಿದರು, ಹೌದು ಸಾರ್, ಬೆಳಿಗ್ಗೆ ಸಂಜೆ ತಪ್ಪದೆ, ಎಂದ ಇವನು, ಹೆಮ್ಮೆಯಿಂದಲೇ ಎಂದನಲ್ಲ — ಹಾವಿನ ಮೊಟ್ಟೆ ಕೋಳಿಯದ್ದಲ್ಲ ಮಾರಾಯ್ರೆ, ಇಟ್ಟ ಮಗ್ಗುಲಲ್ಲೇ ಇರಬೇಕು, ತಿರುಗಿಸಿದರೆ ಒಳಗಿನ ಜೀವ ಉಸಿರುಕಟ್ಟಿ ಸಾಯ್ತದೆ. ಅಮ್ಮನ ಹೇಂಟೆ ಕೊಕ್ಕಿನಿಂದ ಮೊಟ್ಟೆ ಮಗುಚುವುದನ್ನು ನೋಡಿ ಬೆಳೆದವನು ಸುಧಾಕರ, ಮೆಲ್ಕಾರಿನಲ್ಲಿ ರೇಡಿಯೋ ರಿಪೇರಿಯ ಅಂಗಡಿ ಇಟ್ಟವನು, ಗೊಬ್ಬರದ ಗುಂಡಿಯಲ್ಲಿ ಮುಂಡಪ್ಪನ ಹಾರೆಗೆ ನಾಗರಹಾವಿನ ಮೊಟ್ಟೆಗಳು ಸಿಕ್ಕಿ, ಇವು ಹಾಳಾದರೆ ನಾಗದೋಷ ಎಂದು ಮನೆಯೇ ನಡುಗಿದಾಗ, ಹೆದರಬೇಡಿ, ನಾನು ಮರಿ ಮಾಡಿಸ್ತೇನೆ, ನಾಗಬನಕ್ಕೆ ಬಿಟ್ಟು ಬರುವ ಎಂದವನು — ಬಿಸ್ಕತ್ತಿನ ತಗಡಿನ ಡಬ್ಬಿ, ಒದ್ದೆ ಮರಳು, ಮುಚ್ಚಳಕ್ಕೊಂದು ಬಲ್ಬು, ವಾಮದಪದವಿನಿಂದೆಲ್ಲ ಜನ ಬಂದು ಇಣುಕಿದರು, ಸುಧಾಕರಣ್ಣ, ಇದರಲ್ಲಿ ಸಿಲೋನ್ ಸ್ಟೇಷನ್ ಸಿಗ್ತದಾ, ಎಷ್ಟು ನಕ್ಕಿದ್ದ, ನಗುತ್ತಲೇ ಅವರೆದುರು ಒಂದೊಂದನ್ನೂ ಮೆಲ್ಲಗೆ ಮಗುಚಿ ತೋರಿಸಿದ್ದ, ಇದೇ ಬೆರಳುಗಳಿಂದ.

ಮೊನ್ನೆ ಡಬ್ಬಿಯಿಂದ ನಾತ ಬಂತು. ಅಕ್ಕ ನೀಲಾವತಿ ಈಗ ಒಳಗಿನಿಂದ, ಹಾರೆ ತಾಗಿಯೇ ಹಾಳಾದದ್ದು, ಬೇರೆಂಥ, ಮುಂಡಪ್ಪನೇ ಒಪ್ಪಿಕೊಂಡಾಯ್ತು, ನೀನ್ಯಾಕೆ ಮೋರೆ ಸಣ್ಣ ಮಾಡ್ತಿ — ಒಪ್ಪಿಕೊಂಡಾಯ್ತು, ಅವನ ಮಗಳು ಹೆರಿಗೆಗೆ ತವರಿಗೆ ಬಂದಿದ್ದಾಳೆ, ನಾಗನ ಮರಿ ಕೊಂದ ಕೈ ಇದು, ಇದರಲ್ಲಿ ಮೊಮ್ಮಗುವನ್ನು ಎತ್ತಿಕೊಳ್ಳುವುದಿಲ್ಲ ಅಂದನಂತೆ, ಹೇಳಬೇಕು, ಬಾಯಿ ತೆರೆದರೆ ಸಾಕು, ಹಾರೆಯಲ್ಲ ಮುಂಡಪ್ಪ ನಾನು ಎಂದರೆ ಸಾಕು, ಆದರೆ ಆಮೇಲೆ ಮೆಲ್ಕಾರಿನ ಅಂಗಡಿ, ಇಣುಕಿ ಹೋದ ಅಷ್ಟೂ ಜನ, ಅಕ್ಕನ ಮೋರೆ — ಅಗೋ, ಮುಂಡಪ್ಪ ಇತ್ತ ತಿರುಗಿದ, ಧಣಿಗಳೇ, ನಿಮ್ಮ ಮಿಷನ್ ಒಳ್ಳೆದೇ ಇತ್ತು, ನನ್ನ ಕೈಯೇ ಸರಿ ಇಲ್ಲ. ನಾಲಗೆ ಎದ್ದಿತು, ಎದ್ದೇ ಎದ್ದಿತು, ಬಂದದ್ದು ಮಾತ್ರ ಬೇರೆ, ಆಗ್ಲಿ ಬಿಡು ಮುಂಡಪ್ಪ, ಎಂದನಲ್ಲ, ಎಂದೇಬಿಟ್ಟನಲ್ಲ, ಕ್ಷಮಿಸಿದವನ ಹಾಗೆ, ಅವನು ಕಣ್ಣು ತುಂಬಿಕೊಂಡು ಕೈಮುಗಿದ, ನೀರಿಳಿಯುವ ಕೈ, ಉಗುರಿನ ಸಂದಿಯಲ್ಲಿ ಬೂದಿ, ತೊಳೆದು ತೊಳೆದು ಬಿಳುಚಿದ ಕೈ, ತನಗೇ ಮುಗಿದ ಆ ಎರಡು ಕೈ —