ಅಡಿಗೆ ಕೋದಂಡಪ್ಪ ಆರಿಸಿಕೊಂಡ ಆಪರೇಷನ್

ಕೋದಂಡಪ್ಪ ಅಡಿಗೆಗೆ ಒಪ್ಪಿಕೊಂಡನೆಂದರೆ ಬಂಗಾರಪೇಟೆಯಿಂದ ಆಂಡರ್ಸನ್‌ಪೇಟೆಯವರೆಗೆ ಯಾವ ಮದುವೆ ಮನೆಯವರಿಗಾದರೂ ಅರ್ಧ ಚಿಂತೆ ಕಳೆದ ಹಾಗೆ. ಅವನ ಬೇಳೆ ಸಾರು, ಶಾವಿಗೆ ಪಾಯಸ ಉಂಡವರು ಹೆಣ್ಣಿನ ಹೆಸರು ಮರೆತರೂ ಊಟ ಮರೆಯುತ್ತಿರಲಿಲ್ಲ. ಅಂಥ ಕೋದಂಡಪ್ಪ 1998ರ ಬೇಸಿಗೆಯ ಒಂದು ಬೆಳಿಗ್ಗೆ, ಚಿನ್ನದ ಗಣಿ ಕಡೆಯ ನಂದಿದುರ್ಗದ ಮದುವೆಯೊಂದರಲ್ಲಿ, ಕುದಿಯುವ ಸಾರಿನ ಕೊಪ್ಪರಿಗೆ ಮುಂದೆ ಸೌಟು ಹಿಡಿದುಕೊಂಡು ನಿಂತಲ್ಲೇ ನಿದ್ದೆ ಹೋದ.

ಪಕ್ಕದಲ್ಲಿ ಕೊತ್ತಂಬರಿ ಬಿಡಿಸುತ್ತಿದ್ದ ಪೆರುಮಾಳ್ ನೋಡಿದ. ಅವನು ಹನ್ನೆರಡು ವರ್ಷದಿಂದ ಕೋದಂಡಪ್ಪನ ಜೊತೆ ಅಡಿಗೆ ಮಾಡುತ್ತಿದ್ದವನು. ಹಾರಿ ಬಂದು ಅವನ ಪಂಚೆಯನ್ನು ಹಿಂದಿನಿಂದ ಹಿಡಿದು ಎಳೆದ.

"ಐಯೋ ಅಣ್ಣೇ! ಸಾರಿಗೆ ಬೇಳೆ ಹಾಕು ಅಂದ್ರೆ ನೀನೇ ಬೀಳ್ತೀಯಲ್ಲ!"

ಪ್ರಾಣ ಉಳಿಯಿತು. ಎಡಗೈ ಮಾತ್ರ ಕೊಪ್ಪರಿಗೆಯ ಅಂಚಿಗೆ ತಗುಲಿ, ಮಣಿಕಟ್ಟಿನಿಂದ ಮೊಣಕೈವರೆಗೆ ಬೊಬ್ಬೆ ಎದ್ದಿತು.

ಕೋದಂಡಪ್ಪನ ಹೆಂಡತಿ ನರಸಮ್ಮ ಅವತ್ತೇ ಅವನನ್ನು ಪಕ್ಕದ ಗಣಿ ಬಡಾವಣೆ ಚಾಂಪಿಯನ್ ರೀಫ್ಸ್‌ಗೆ ಕರೆದುಕೊಂಡು ಹೋದಳು. ಅಲ್ಲಿ ಅವಳ ದೊಡ್ಡಮ್ಮನ ಮಗಳು ಮುನಿಶಾಮಮ್ಮ ಇದ್ದಳು. ಮೂವತ್ತು ವರ್ಷ ನರ್ಸ್ ಆಗಿ ದುಡಿದು ನಿವೃತ್ತಿಯಾದವಳು. ಮುನಿಶಾಮಮ್ಮ ಕೈಗೆ ಪಟ್ಟಿ ಕಟ್ಟುತ್ತಾ ಕೇಳಿದಳು:

"ಕೈ ವಾಸಿ ಆಗ್ತದೆ ಬಿಡು. ನಿಂತಂಗೇ ನಿದ್ದೆ ಯಾಕ್ ಬಂತು, ಅದನ್ನೇಳು."

"ಒಲೆ ಬಿಸಿಗೆ ಅಕ್ಕಾ."

"ಒಲೆನೂ ಇಲ್ಲ, ಬಿಸಿನೂ ಇಲ್ಲ," ನರಸಮ್ಮ ಬಾಯಿ ಹಾಕಿದಳು. "ಬಸ್ನಾಗೂ ಇಂಗೇನೆ, ಕ್ಷೌರಕ್ಕೆ ಕೂತ್ರೂ ಇಂಗೇನೆ. ಮಲಗಿದ್ರೆ ಗೊರಕೆ ಬೀದಿಗೆಲ್ಲಾ ಕೇಳ್ತದೆ ಅಕ್ಕಾ. ಗೊರಕೆ ಒಡೆದ್ರೆ ನಂಗೆ ಭಯ ಇಲ್ಲ, ನಿಂತೋದ್ರೇನೇ ಭಯ. ಉಸ್ರೇ ಇರಲ್ಲ! ಅಳ್ಳಾಡ್ಸಿ ಎಬ್ಬಿಸ್ತೀನಿ."

ಮುನಿಶಾಮಮ್ಮ ಪಟ್ಟಿಯ ಗಂಟು ಬಿಗಿದಳು. "ರಾತ್ರಿ ಉಸ್ರು ಕಟ್ಟಿದ್ರೆ ಅಗಲೊತ್ತು ನಿದ್ದೆ ಬತ್ತದೆ. ನಡಿ, ಮೊದ್ಲು ತೂಕ ನೋಡಾನ," ಅಂದಳು.

ಮಾರನೆಯ ದಿನ ಬಂಗಾರಪೇಟೆಯ ಕ್ಲಿನಿಕ್ಕಿಗೆ ಹೋದರು. ಅಲ್ಲಿನ ತೂಕದ ಯಂತ್ರ ನೂರಿಪ್ಪತ್ತರ ತನಕ ತೋರಿಸಿ, ಮುಳ್ಳು ಕೊನೆಗೆ ಹೋಗಿ ಅಂಟಿಕೊಂಡಿತು. ಮುನಿಶಾಮಮ್ಮ ಬಿಡಲಿಲ್ಲ. ಹತ್ತಿರದ ಅಕ್ಕಿ ಮಿಲ್ಲಿಗೆ ಕರೆದುಕೊಂಡು ಹೋಗಿ ಮೂಟೆ ತೂಗುವ ಕಾಟಾದ ಮೇಲೆ ನಿಲ್ಲಿಸಿದಳು. ಕಾಟಾ ನೋಡುವ ಆಂಜಿನಪ್ಪ ಕೂಗಿ ಹೇಳಿದ:

"ನೂರ ಮೂವತ್ತೆಂಟು! ಒಂದು ಮೂಟೆ ಅಕ್ಕಿ, ಅದ್ರ ಮೇಲೆ ಮೂವತ್ತೆಂಟು ಕೇಜಿ!"

ಹಮಾಲಿಗಳೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ಕೋದಂಡಪ್ಪನೇ ನಕ್ಕ. ಆದರೆ ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಅವನಿಗೆ ಏದುಸಿರು ಬಂದಿತ್ತು. ಅಷ್ಟು ದೂರ ನಡೆಯಲು ಅವನು ನಾಲ್ಕು ಕಡೆ ನಿಲ್ಲಬೇಕಾಯಿತು.

ಸಕ್ಕರೆ ಕಾಯಿಲೆ ಅವನಿಗೆ ಐದು ವರ್ಷದಿಂದ ಇತ್ತು. ತೂಕ ಇಳಿಸಲು ಅವನು ಪ್ರಯತ್ನ ಮಾಡಿರಲಿಲ್ಲ ಎಂದಲ್ಲ. ಎರಡು ಮುದ್ದೆಯನ್ನು ಒಂದಕ್ಕೆ ಇಳಿಸಿದ್ದ. ಕೆರೆ ಏರಿ ಮೇಲೆ ನಡೆದಿದ್ದ. ಎಂಟು ಕೇಜಿ ಇಳಿದು, ಹಬ್ಬದ ತಿಂಗಳು ಮುಗಿಯುವುದರೊಳಗೆ ಹನ್ನೆರಡು ಏರಿತ್ತು. ಬೊಜ್ಜು ಬರೀ ಸೋಮಾರಿತನದಿಂದ ಬರುವುದಲ್ಲ, ಅದೂ ಒಂದು ಕಾಯಿಲೆ ಎಂದು ಮುನಿಶಾಮಮ್ಮ ಬಿಡಿಸಿ ಹೇಳಿದಳು. ಬೆಂಗಳೂರಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಇಂಥವರಿಗೆ ಹೊಸದಾಗಿ ಆಪರೇಷನ್ ಮಾಡುತ್ತಿದ್ದಾರೆ, ಖರ್ಚೂ ನಮ್ಮಂಥವರ ಕೈಗೆ ಎಟುಕುವಷ್ಟೇ ಅಂದಳು.

"ಒಟ್ಟೆ ಆಪರೇಷನ್ನಾ!" ಕೋದಂಡಪ್ಪ ಎದ್ದೇ ನಿಂತ. "ಅಡಿಗೆಯೋನ ಒಟ್ಟೆಗೆ ಕತ್ತಿ ಆಕೋದೂ ಒಂದೇ, ದರ್ಜಿ ಬೆರಳು ಕಡಿಯೋದೂ ಒಂದೇ. ನಾ ಬರಲ್ಲ."

"ಇವತ್ತೇ ಯಾರೂ ಕುಯ್ಯಲ್ಲ ತಮ್ಮಾ. ಓಗಿ ಕೇಳ್ಕೊಂಡು ಬರಾನ. ಕೇಳಕ್ಕೇನು ಕಷ್ಟ?"

ಮೂವರೂ ಬೆಳಗಿನ ರೈಲು ಹತ್ತಿದರು. ಡಾಕ್ಟರು ಗದರುವವರಲ್ಲ. ರಕ್ತ, ಹೃದಯ, ಉಸಿರು ಎಲ್ಲವನ್ನೂ ಪರೀಕ್ಷೆ ಮಾಡಿಸಿ, ಕೂರಿಸಿಕೊಂಡು, ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದರು.

"ಇದು ತೆಳ್ಳಗೆ ಕಾಣಲಿ ಅಂತ ಮಾಡಿಸೋ ಆಪರೇಷನ್ ಅಲ್ಲ ಕೋದಂಡಪ್ಪನೋರೇ. ತೂಕದಿಂದಲೇ ಪ್ರಾಣಕ್ಕೆ ತೊಂದರೆ ಇರೋರಿಗೆ, ಪಥ್ಯ ಮಾಡಿಯೂ ಆಗದೆ ಇದ್ದೋರಿಗೆ ಮಾತ್ರ. ಇದರಲ್ಲಿ ಬೇರೆ ಬೇರೆ ವಿಧ ಇದೆ. ಒಂದರಲ್ಲಿ ಹೊಟ್ಟೆಯ ಮೇಲ್ಭಾಗಕ್ಕೆ ಒಂದು ಪಟ್ಟಿ ಹಾಕ್ತೀವಿ, ಚೀಲದ ಬಾಯಿಗೆ ದಾರ ಕಟ್ಟಿದ ಹಾಗೆ. ಕರುಳು ಕತ್ತರಿಸೋದಿಲ್ಲ. ಬೇಡವಾದರೆ ತೆಗೆಯಬಹುದು. ತೂಕ ನಿಧಾನಕ್ಕೆ ಇಳಿಯುತ್ತೆ, ಪಟ್ಟಿ ಬಿಗಿ ಮಾಡಿಸೋಕೆ ಮೇಲಿಂದ ಮೇಲೆ ಬರಬೇಕು. ಗಟ್ಟಿ ಊಟ ಸ್ವಲ್ಪಕ್ಕೇ ಸಾಕು ಅನ್ನಿಸುತ್ತೆ. ಆದರೆ ನೀರಾಗಿರೋದು ಸಲೀಸಾಗಿ ಇಳಿದುಬಿಡುತ್ತೆ. ಸಿಹಿ ಕುಡಿಯೋ ಅಭ್ಯಾಸ ಇರೋರಿಗೆ ಅದು ಅಷ್ಟು ಪ್ರಯೋಜನ ಆಗಲ್ಲ."

ನೀರಾಗಿರುವುದು ಇಳಿಯುತ್ತದೆ ಎಂದದ್ದೇ ತಡ, ಕೋದಂಡಪ್ಪನ ಕಿವಿ ನಿಮಿರಿತು.

"ಇನ್ನೊಂದು ಬೈಪಾಸ್," ಡಾಕ್ಟರು ಮುಂದುವರಿಸಿದರು. "ಬೈಪಾಸ್ ರೋಡಲ್ಲಿ ಹೋಗೋ ಬಸ್ಸು ಊರೊಳಗೆ ನುಗ್ಗೋದಿಲ್ಲ ಅಲ್ವೇ? ಹಾಗೇ. ಹೊಟ್ಟೆಯ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ, ಅದನ್ನ ನೇರ ಕರುಳಿಗೆ ಸೇರಿಸ್ತೀವಿ. ಸಕ್ಕರೆ ಕಾಯಿಲೆಗೆ ಇದು ಹೆಚ್ಚು ಒಳ್ಳೇದು. ಆಪರೇಷನ್ ಮಾತ್ರ ದೊಡ್ಡದು, ಅಪಾಯವೂ ಪಟ್ಟಿಗಿಂತ ಜಾಸ್ತಿ. ವಿಟಮಿನ್, ಕಬ್ಬಿಣದ ಮಾತ್ರೆ ಬದುಕಿರೋವರೆಗೂ ತಗೋಬೇಕು. ಈಗ ಹೇಳಿ, ದಿನಾ ಏನೇನು ತಿಂತೀರಿ?"

"ಒಂದು ಮುದ್ದೆ, ಸೊಪ್ಪಿನ ಸಾರು, ಒಂದಿಡಿ ಅನ್ನ."

"ಸಿಹಿ?"

"ಸಕ್ಕರೆ ಕಾಯಿಲೆ ಅಲ್ವಾ ಸಾರ್. ಮುಟ್ಟಲ್ಲ."

ನರಸಮ್ಮ ಗಂಡನ ಮುಖ ನೋಡಿದಳು. ಕೋದಂಡಪ್ಪ ಫ್ಯಾನ್ ನೋಡಿದ.

"ಹಾಗಿದ್ದರೆ ಪಟ್ಟಿಯೂ ಆಗಬಹುದು. ಎರಡು ವಾರ ಯೋಚನೆ ಮಾಡಿ ಬನ್ನಿ," ಅಂದರು ಡಾಕ್ಟರು.

ವಾಪಸ್ ರೈಲಿನಲ್ಲಿ ಕೋದಂಡಪ್ಪ ಖುಷಿಯಾಗಿದ್ದ. ಪಟ್ಟಿಯೇ ಸರಿ, ಕುಯ್ಯೋದಿಲ್ಲ ಕೊಯ್ಯೋದಿಲ್ಲ ಎಂದು ಎದುರು ಸೀಟಿನವರಿಗೂ ವಿವರಿಸಿದ. ಇಷ್ಟು ಹೆದರುತ್ತಿದ್ದವನಿಗೆ ಇದ್ದಕ್ಕಿದ್ದ ಹಾಗೆ ಎಲ್ಲಿಂದ ಧೈರ್ಯ ಬಂತು ಎಂದು ನರಸಮ್ಮನಿಗೆ ಅನುಮಾನ. ಮನೆಗೆ ಬಂದವಳೇ ಪೆರುಮಾಳನನ್ನು ಕರೆದು ಗುಟ್ಟಾಗಿ ಏನೋ ಹೇಳಿದಳು.

ಆ ವಾರ ಒಂದು ಮದುವೆ ಇತ್ತು. ಅದನ್ನು ಮುಗಿಸಿ ಸಂಜೆ ಮನೆಗೆ ಬಂದಾಗ ಮುನಿಶಾಮಮ್ಮನೂ ಬಂದು ಜಗಲಿಯ ಮೇಲೆ ಕೂತಿದ್ದಳು. ಪೆರುಮಾಳ್ ಅಂಗಿಯ ಜೇಬಿನಿಂದ ಒಂದು ಹಿಡಿ ಹುಣಸೆ ಬೀಜ ತೆಗೆದು ಕೋದಂಡಪ್ಪನ ಮುಂದೆ ಸುರಿದ.

"ಏನ್ಲಾ ಇದು?"

"ಅಣ್ಣೇ, ಬೈಬೇಡ. ನೀನು ಒಂದು ಲೋಟ ಪಾಯಸ ಕುಡ್ದಾಗೆಲ್ಲಾ ಒಂದು ಬೀಜ ಹಾಕ್ಕೊಂಡೆ. ಅತ್ತಿಗೆ ಹೇಳಿದ್ರು."

ಮುನಿಶಾಮಮ್ಮ ಎಣಿಸಿದಳು. ಹದಿನೇಳು!

ಕೋದಂಡಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಅಡಿಗೆಯೋನು ರುಚಿ ನೋಡ್ಬಾರ್ದಾ?" ಎಂದು ಗುಡುಗಿದ. ಹದಿನೇಳು ಬೀಜ ಅವನನ್ನೇ ನೋಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಅವನ ದನಿ ಇಳಿಯಿತು.

"ಪಟ್ಟಿ ಆಕಿಸ್ಕೊಂಡ್ರೆ ಪಾಯಸನಾದ್ರೂ ಇಳೀತದೆ ಅಂದ್ಕೊಂಡೆ ಅಕ್ಕಾ. ನಂಗೆ ಬೇರೆ ಏನ್ ಬತ್ತದೆ? ರುಚಿ ನೋಡ್ದೆ ಎಂಗೆ ಅಡಿಗೆ ಮಾಡ್ಲಿ? ಅಡಿಗೆ ಬಿಟ್ರೆ ಕೋದಂಡಪ್ಪ ಅಂತ ಯಾರು ಕರೀತಾರೆ?"

ನರಸಮ್ಮ ಬಂದು ಪಕ್ಕದಲ್ಲಿ ಕೂತಳು. "ನೀನು ಉಸ್ರಾಡ್ಕೊಂಡಿದ್ರೆ ಸಾಕು ಕಣಯ್ಯಾ. ಅಡಿಗೆ ಆಮೇಲೆ ನೋಡಾನ," ಅಂದಳು. ಅವಳ ಕಣ್ಣು ತುಂಬಿತ್ತು.

"ಈ ಮಾತನ್ನ ನನ್ ಅತ್ರ ಏಳಿ ಏನುಪಯೋಗ?" ಮುನಿಶಾಮಮ್ಮ ಅಂದಳು. "ಡಾಕ್ಟ್ರತ್ರ ಏಳು. ನೀನು ಸುಳ್ಳೇಳಿದ್ರೆ ಅವರು ಆ ಸುಳ್ಳು ಮನುಷ್ಯನ್ಗೆ ತಕ್ಕ ಆಪರೇಷನ್ ಮಾಡ್ತಾರೆ. ನಿನಗಲ್ಲ."

ಎರಡನೇ ಸಲ ಆಸ್ಪತ್ರೆಯಲ್ಲಿ ಕೂತಾಗ ಕೋದಂಡಪ್ಪ ಮೊದಲೇ ಹೇಳಿಬಿಟ್ಟ. "ಸಾರ್, ಓದ್ಸಲ ಏಳಿದ್ದು ಸುಳ್ಳು. ಮದುವೆ ದಿನ ಹದಿನೇಳು ಲೋಟ ಪಾಯಸ ಕುಡೀತೀನಿ. ಎಣಿಸಿದ್ದಾರೆ."

ಡಾಕ್ಟರು ಜೋರಾಗಿ ನಕ್ಕುಬಿಟ್ಟರು. ಆಮೇಲೆ ಬರೆದಿದ್ದ ಕಾಗದ ಪಕ್ಕಕ್ಕಿಟ್ಟು ಹೊಸದೊಂದು ತೆಗೆದುಕೊಂಡರು. "ಒಳ್ಳೇ ಕೆಲಸ ಮಾಡಿದಿರಿ. ಹಾಗಾದರೆ ಪಟ್ಟಿ ನಿಮಗೆ ಸರಿಹೋಗಲ್ಲ. ನಿಮ್ಮ ಸಕ್ಕರೆ ಕಾಯಿಲೆಗೂ, ನಿಮ್ಮ ಸಿಹಿ ಚಟಕ್ಕೂ ಬೈಪಾಸ್ ವಾಸಿ. ಅದಾದ ಮೇಲೆ ಸಿಹಿ ಜಾಸ್ತಿ ತಿಂದರೆ ಹೊಟ್ಟೆ ತೊಳೆಸಿ, ಬೆವರಿಳಿದು, ಎದೆ ಡವಡವ ಅನ್ನುತ್ತೆ. ದೇಹವೇ ಬೇಡ ಅನ್ನುತ್ತೆ."

"ರುಚಿ ನೋಡೋದು ಸಾರ್?"

"ನಾಲಿಗೆಗೆ ಆಪರೇಷನ್ ಮಾಡ್ತಿಲ್ಲವಲ್ಲ! ಸಾರು ಚಮಚದ ತುದಿಯಲ್ಲಿ ನೋಡಿ. ಸಿಹಿ ನೋಡೋ ಕೆಲಸ ಇನ್ನೊಬ್ಬರಿಗೆ ಕೊಡಿ."

ಆಗ ನರಸಮ್ಮ ಸೆರಗು ಬಿಗಿ ಮಾಡಿಕೊಂಡು ಕೇಳಿದಳು. "ಡಾಕ್ಟ್ರೇ, ಇಂಥದ್ದು ನೀವು ಎಷ್ಟು ಮಾಡಿದ್ದೀರಿ? ಏನಾದ್ರೂ ಎಚ್ಚುಕಮ್ಮಿ ಆದ್ರೆ ಏನ್ಮಾಡ್ತೀರಿ?"

ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಎಷ್ಟು ಮಾಡಿದ್ದೇನೆ, ಯಾರಿಗೆ ಏನು ತೊಂದರೆ ಆಯಿತು, ಜೋಡಿಸಿದ ಕಡೆ ಸೋರಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದಕ್ಕೆ ಏನೇನು ಮುಂಜಾಗ್ರತೆ ಎಂದು ಒಂದೊಂದಾಗಿ ಹೇಳಿದರು. ಎಲ್ಲ ಕೇಳಿಸಿಕೊಂಡು ಕೋದಂಡಪ್ಪ ಹೇಳಿದ: "ಬೈಪಾಸೇ ಆಗ್ಲಿ ಸಾರ್. ನನ್ನ ಬಸ್ಸು ಊರೊಳಗೆ ಓಗಿದ್ದು ಸಾಕು."

ಆಪರೇಷನ್‌ಗೆ ಮುಂಚೆ ಆರು ವಾರ ಅವನು ದಿನಾ ನಡೆದ, ಉಸಿರಾಟದ ಅಭ್ಯಾಸ ಮಾಡಿದ, ಸೇದುತ್ತಿದ್ದ ಬೀಡಿ ಬಿಟ್ಟ. ಆಪರೇಷನ್ ಸಲೀಸಾಗಿ ಆಯಿತು. ಆಮೇಲಿನ ದಿನಗಳು ಮಾತ್ರ ಸಲೀಸಾಗಿರಲಿಲ್ಲ. ಮೊದಲ ಎರಡು ವಾರ ಬರೀ ತೆಳುವಾದದ್ದು, ಗುಟುಕು ಗುಟುಕಾಗಿ. ಆಮೇಲೆ ಮೆತ್ತಗೆ ಕಲಸಿದ ಅನ್ನ, ಅದೂ ಒಂದು ಸಣ್ಣ ಬಟ್ಟಲು. "ಇದೇನು ಮಗೀಗೆ ಅನ್ನ ಉಣ್ಸೋ ಶಾಸ್ತ್ರನಾ?" ಎಂದು ರೇಗುತ್ತಿದ್ದ. ನಾಲ್ಕನೇ ತಿಂಗಳಲ್ಲಿ ಕೂದಲು ಉದುರಿತು. ಒಂದು ನಿಶ್ಚಿತಾರ್ಥದಲ್ಲಿ ಆಸೆ ತಡೆಯದೆ ಅರ್ಧ ಲೋಟ ಪಾಯಸ ಕುಡಿದು, ಬೆವೆತು, ಚಾಪೆ ಮೇಲೆ ಉರುಳಿಕೊಂಡ. ಗಾಳಿ ಬೀಸುತ್ತಾ ಪೆರುಮಾಳ್ ಕೇಳಿದ: "ಇನ್ನರ್ಧ ಲೋಟ ತರ್ಲಾ ಅಣ್ಣೇ?" ಅಷ್ಟೇ. ಅವತ್ತಿನಿಂದ ಪಾಯಸದ ರುಚಿ ನೋಡುವ ಕೆಲಸ ಪೆರುಮಾಳನಿಗೇ ಹೋಯಿತು.

ಮಾತ್ರೆ ತಪ್ಪಿಸಲಿಲ್ಲ. ಹೇಳಿದ ದಿನಕ್ಕೆ ಆಸ್ಪತ್ರೆಗೆ ಹೋಗಿ ಬಂದ. ಒಂದು ವರ್ಷದಲ್ಲಿ ತೊಂಬತ್ತೆರಡು ಕೇಜಿಗೆ ಇಳಿದ. ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಡಾಕ್ಟರೇ ನೋಡಿ ನೋಡಿ ಕಡಿಮೆ ಮಾಡಿದರು. ಉಸಿರು ಕಟ್ಟುವುದು ನಿಂತು, ನರಸಮ್ಮ ಬೆಳಗಿನವರೆಗೆ ನಿದ್ದೆ ಮಾಡತೊಡಗಿದಳು.

ಆ ವರ್ಷದ ಕೊನೆಗೆ ಆಂಡರ್ಸನ್‌ಪೇಟೆಯ ಕುಪ್ಪುಸ್ವಾಮಿಯ ಮಗಳ ಮದುವೆ. ಕೋದಂಡಪ್ಪ ಪಾತ್ರೆ ಇಳಿಸಿ ಒಲೆ ಹೂಡುತ್ತಿದ್ದಾಗ ಕುಪ್ಪುಸ್ವಾಮಿ ಧಾವಿಸಿ ಬಂದ.

"ಯಾರಪ್ಪಾ ನೀನು? ನಾನು ಕೋದಂಡಪ್ಪನ್ನ ಕೇಳಿದ್ರೆ ತಮ್ಮನ್ನ ಕಳ್ಸವ್ರಾ?"

"ನಾನೇ ಸಾಮಿ ಕೋದಂಡಪ್ಪ."

"ಸುಮ್ನಿರಯ್ಯಾ! ಕೋದಂಡಪ್ಪನ್ನ ನಾನು ನೋಡಿಲ್ವಾ? ಬಾಗಿಲಲ್ಲಿ ನಿಂತ್ರೆ ಒಳಗೆ ಬೆಳಕು ಬರ್ತಿರ್ಲಿಲ್ಲ!"

ಪೆರುಮಾಳ್ ಆಣೆ ಮಾಡಿದರೂ ಅವನು ನಂಬಲಿಲ್ಲ. ಬೇಳೆ ಬೆಂದು, ಒಗ್ಗರಣೆ ಬಿದ್ದು, ಒಂದು ಲೋಟ ಸಾರು ಅವನ ಕೈಗೆ ಬಂತು. ಕುಡಿದ. ಕಣ್ಣು ಮುಚ್ಚಿದ. "ಐಯೋ, ಅವನೇ!" ಎಂದು ಕೋದಂಡಪ್ಪನನ್ನು ತಬ್ಬಿಕೊಂಡ. ಕುಪ್ಪುಸ್ವಾಮಿಯ ಎರಡು ಕೈಯೂ ಈಗ ಅಡಿಗೆಯವನ ಬೆನ್ನ ಹಿಂದೆ ಸಂಧಿಸಿದವು.

ಬಂಧುಗಳೇ, ನಿಮ್ಮ ಮನೆಯಲ್ಲೂ ತೂಕದಿಂದ ನರಳುವವರಿದ್ದರೆ ನಗಬೇಡಿ, ಬೈಯಬೇಡಿ. ಮೊದಲು ಡಾಕ್ಟರಿಗೆ ತೋರಿಸಿ. ಇದು ಆಗಿನ ಕಾಲದ ಕಥೆ. ಈಗ ಪಟ್ಟಿ ಹಾಕುವುದು ಕಡಿಮೆಯಾಗಿದೆ. ಹೊಟ್ಟೆಯ ಒಂದು ಭಾಗ ತೆಗೆದು ಕೊಳವೆಯಂತೆ ಮಾಡುವಂಥ ಬೇರೆ ವಿಧಗಳು ಬಂದಿವೆ. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ. ಬೇಕಾದವರಿಗೂ ಪಕ್ಕದ ಮನೆಯವರಿಗೆ ಆದದ್ದೇ ಆಗಬೇಕೆಂದಿಲ್ಲ. ನನಗೆ ಯಾವುದು ಸರಿ, ಯಾಕೆ ಸರಿ, ಅಪಾಯ ಏನು, ಆಮೇಲೆ ಜೀವನಪೂರ್ತಿ ಏನು ಮಾಡಬೇಕು ಎಂದು ಸಂಕೋಚವಿಲ್ಲದೆ ಕೇಳಿ. ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮತ್ತೆ, ಡಾಕ್ಟರು "ಏನು ತಿಂತೀರಿ?" ಅಂದಾಗ ಫ್ಯಾನ್ ನೋಡಬೇಡಿ. ಇದ್ದದ್ದನ್ನು ಇದ್ದ ಹಾಗೇ ಹೇಳಿ.