ಕಾಟಾದ ಹಳೇ ಪ್ರಿಂಟರು

ಲಾರಿ ಡ್ರೈವರ್ ಲಿಂಗರಾಜ್ ಕಿಟಕಿಯಲ್ಲಿ ಬಾಯಿ ತೆರೆಯುವಷ್ಟರಲ್ಲಿ ತೂಕದ ಚೀಟಿ ಹೊರಗೆ ಬಂದಿತ್ತು.

"ಹೇಮಾವತಿಯವ್ರ..." ಎಂದವನು ಅಲ್ಲಿಗೇ ನಿಂತ. ಹೊಸ ಪ್ರಿಂಟರು ಸದ್ದಿಲ್ಲದೆ ಉಳಿದ ಪ್ರತಿಗಳನ್ನೂ ಉಗುಳಿ ತೆಪ್ಪಗಾಯಿತು. ಹಿಂದಿನ ಲಾರಿಯವನು ಹಾರ್ನ್ ಒತ್ತಿದ. ಒಳಗೆ ಕುರ್ಚಿಯಲ್ಲಿ ಕೂತ ಧಣಿ ಓಬಳಪ್ಪ ಕಣ್ಣು ಪೇಪರಿಗೆ, ಕಿವಿ ಕಿಟಕಿಗೆ ಕೊಟ್ಟಿದ್ದ.

"ಸಂಜಿ ಟ್ರಿಪ್ಪೇ ಕೊನೀದ್ರಿ. ನಾಳಿಂದ ನಮ್ಮ ಗಾಡಿ ದರೋಜಿ ಕಡಿ ಹಾಕ್ಯಾರ" ಎಂದು ಲಿಂಗರಾಜ್ ಎಲ್ಲರಿಗೂ ಕೇಳುವಂತೆ ಹೇಳಿ, ಚೀಟಿ ಹಿಡಿದು ಹೋದ.

ಮರಿಯಮ್ಮನಹಳ್ಳಿ ರಸ್ತೆಯ ಆ ಕಾಟಾದಲ್ಲಿ ಸಂಡೂರಿನ ಅದಿರು ಲಾರಿಗಳನ್ನು ತೂಗಿ ಚೀಟಿ ಕೊಡುವುದು ಹೇಮಾವತಿಯ ಕೆಲಸ. ಗಂಡ ತೀರಿಕೊಂಡು ಅಣ್ಣನ ಮನೆ ಸೇರಿದ ಮೇಲೆ ಹಿಡಿದ ಕೆಲಸ. ಮೊನ್ನೆಮೊನ್ನೆಯವರೆಗೆ ಇಲ್ಲಿದ್ದದ್ದು ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಅದರ ಸೂಜಿಗಳು ರಿಬ್ಬನ್ನಿನ ಮೇಲೆ ಬಡಿಬಡಿದು, ನಡುವೆ ಕಾರ್ಬನ್ ಇಟ್ಟ ಮೂರು ಹಾಳೆಗೂ ಒಟ್ಟಿಗೇ ಅಕ್ಷರ ಇಳಿಸುತ್ತಿದ್ದವು. ಆ ಕಿರುಚಾಟಕ್ಕೆ ಪಕ್ಕದವರ ಮಾತು ಪಕ್ಕದವರಿಗೆ ಕೇಳುತ್ತಿರಲಿಲ್ಲ. ಎಲ್ಲರೂ ಅದಕ್ಕೆ ಹಿಡಿಶಾಪ ಹಾಕುತ್ತಿದ್ದರು, ಇಬ್ಬರನ್ನು ಬಿಟ್ಟು.

ಆ ಗದ್ದಲದ ಮರೆಯಲ್ಲೇ ಲಿಂಗರಾಜ್ ಕಿಟಕಿಗೆ ಬಾಗಿ ತನ್ನ ಸಂಸಾರ ಹೇಳಿಕೊಂಡಿದ್ದ. ಹೆಂಡತಿ ತೀರಿಹೋಗಿದ್ದು, ಕಂಪ್ಲಿಯಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿರುವ ಮಗಳು, ಅವಳಿಗೆ ಜಡೆ ಹಾಕಲು ಹೋಗಿ ತಾನು ಮಾಡುವ ಪಜೀತಿ. ಒಮ್ಮೆಗೆ ಒಂದು ಚೀಟಿಯಷ್ಟೇ ಮಾತು, ಉಳಿದದ್ದು ಮುಂದಿನ ಟ್ರಿಪ್ಪಿಗೆ. ಹಳೇ ಮಿಷನ್ನಿನ ಕೊನೆಯ ದಿನ ಅವನು ಕೇಳಿದ್ದ: "ನಮ್ಮ ಮನಿಗೆ ಬಂದುಬಿಡ್ರಿ. ಕಾಯಮ್ಮಾಗಿ." ಅವಳು ಉತ್ತರಕ್ಕೆ ತಡಕಾಡುವಷ್ಟರಲ್ಲಿ ಪ್ರಿಂಟರು ನಿಂತಿತ್ತು.

ಅಂದಿನಿಂದ ಆ ಉತ್ತರ ಬಾಕಿ ಉಳಿದಿತ್ತು. ಅವನ ಲಾರಿಯ ಬಾಗಿಲ ಮೇಲೆ ಬರೆದ ಫೋನ್ ನಂಬರ್ ಅವಳಿಗೆ ಬಾಯಿಪಾಠ. ಆದರೆ ಅಣ್ಣನ ಮನೆಯಲ್ಲಿ ಫೋನು ಹಿಡಿದರೆ ಸಾಕು, ಅತ್ತಿಗೆಗೆ ಅಲ್ಲೇ ಏನೋ ಕೆಲಸ ಬೀಳುತ್ತಿತ್ತು. ಅದೂ ಅಲ್ಲದೆ, ಅವನ ಮುಖ ನೋಡಿಯೇ ಹೇಳಬೇಕೆಂಬ ಆಸೆ ಅವಳಿಗೆ.

ಮಧ್ಯಾಹ್ನ ಧಣಿ ಊಟಕ್ಕೆ ಹೋದಾಗ ಹೇಮಾವತಿ ಮೂಲೆಯ ಹಳೇ ಪ್ರಿಂಟರಿನ ಧೂಳು ಒರೆಸಿ, ವೈರು ಸಿಕ್ಕಿಸಿದಳು. ಸಂಜೆ ಲಿಂಗರಾಜನ ಲಾರಿ ಸಾಲಿನಲ್ಲಿ ಕಂಡಾಗ, ಧಣಿಯ ಕಣ್ಣು ತಪ್ಪಿಸಿ ಹೊಸದರ ರೋಲನ್ನು ತೆಗೆದು ತಿರುವಿ ಹಾಕಿದಳು. ಹೊಸ ಪ್ರಿಂಟರು ಬಿಸಿಯಿಂದ ಬರೆಯುವಂಥದ್ದು; ಆ ಹಾಳೆಯ ಒಂದು ಮುಖಕ್ಕೆ ಬಿಸಿ ತಗುಲಿದರೆ ಮಾತ್ರ ಅಕ್ಷರ ಮೂಡುತ್ತದೆ. ಅದು ಬಂದ ಮೊದಲ ದಿನ ಗೊತ್ತಿಲ್ಲದೆ ಹೀಗೇ ತಿರುವಿ ಹಾಕಿ ಧಣಿಯಿಂದ ಬೈಸಿಕೊಂಡಿದ್ದಳು. ಈಗ ಬೇಕೆಂದೇ ಹಾಕಿ, ಮುಚ್ಚಳ ಒತ್ತಿದಳು.

ಲಿಂಗರಾಜ್ ಲಾರಿಯನ್ನು ಕಾಟಾ ಹತ್ತಿಸಿ, ಇಳಿದು ಕಿಟಕಿಗೆ ಬಂದ.

"ಧಣೀ, ಹೊಸಾದು ಬರೇ ಬಿಳಿ ಹಾಳಿ ಕೊಡಾಕತ್ತೈತ್ರಿ" ಎಂದಳು ಹೇಮಾವತಿ.

"ಹೋಗ್ಲಿ, ಹಳೇದ್ರಾಗ ಹೊಡದು ಕಳಸವ್ವಾ. ಗಾಡಿ ನಿಂತಾವು!"

ಇಷ್ಟು ದಿನ ಸುಮ್ಮನಿದ್ದ ಸಿಟ್ಟನ್ನೆಲ್ಲ ಸೇರಿಸಿ ಹಳೇ ಮಿಷನ್ನು ಕಿರುಚಿಕೊಂಡಿತು. ಹೇಮಾವತಿ ಕಿಟಕಿಗೆ ಬಾಗಿದಳು. ಹೇಳಿದಳು. ಪ್ರಿಂಟರು ಗಕ್ಕನೆ ನಿಂತಿತು.

"ಏನಂದ್ರಿ? ಕೇಳ್ಲಿಲ್ರಿ" ಎಂದ ಲಿಂಗರಾಜ್. ನಿಜಕ್ಕೂ ಕೇಳಲಿಲ್ಲವೋ, ಇನ್ನೊಮ್ಮೆ ಕೇಳುವ ಆಸೆಯೋ, ಅವನ ಮುಖದಲ್ಲಿ ತಿಳಿಯುವಂತಿರಲಿಲ್ಲ.

ಹಾರ್ನ್ ಇಲ್ಲ, ಗಾಳಿಯಿಲ್ಲ. ಓಬಳಪ್ಪ ಪೇಪರಿನ ಹಾಳೆ ತಿರುವುವುದನ್ನೂ ನಿಲ್ಲಿಸಿದ್ದ. ಹೇಮಾವತಿ ಒಮ್ಮೆ ಹಿಂದಕ್ಕೆ ನೋಡಿದಳು, ಒಮ್ಮೆ ಸಾಲಿನಲ್ಲಿ ನಿಂತ ಡ್ರೈವರುಗಳನ್ನು ನೋಡಿದಳು.

"ಬರ್ತೀನಿ ಅಂದೆ" ಎಂದಳು, ಗಟ್ಟಿಯಾಗಿ. "ನಿಮ್ಮ ಮನಿಗೆ. ಕಾಯಮ್ಮಾಗಿ."

ಲಿಂಗರಾಜ್ ತಲೆ ತಗ್ಗಿಸಿ, ತಲೆ ಎತ್ತಿ, ನಕ್ಕು, ಸೀದಾ ಹೋಗಿ ಲಾರಿ ಹತ್ತಿದ.

ಲಾರಿ ಕಾಟಾ ಇಳಿದು ರಸ್ತೆಗೆ ಹೋದ ಮೇಲೆ ಅವಳು ನೋಡಿದಳು. ಮೂರು ಹಾಳೆಯ ಚೀಟಿ ಪ್ರಿಂಟರಿನ ಬಾಯಲ್ಲೇ ಇತ್ತು; ಅವನೂ ಕೇಳಿರಲಿಲ್ಲ, ಅವಳೂ ಹರಿದು ಕೊಟ್ಟಿರಲಿಲ್ಲ. ಹೊರಗೆ ತಿರುವಿನಲ್ಲಿ ಬ್ರೇಕಿನ ಕೆಂಪು ದೀಪ ಹತ್ತಿತು.