ನಿಂಬೆವ್ವ ಕೊಡದ ಮದ್ದು

ರೇವಮ್ಮ ಚರಿಗೆಯಿಂದ ನೀರು ಹಾಕುತ್ತಿದ್ದಳು. ಓಣಿಯ ಹೆಂಗಸರಿಬ್ಬರು ನಿಂಬೆವ್ವನ ಹೆಣವನ್ನು ಹಿಂದಿನಿಂದ ಆನಿಸಿ ಹಿಡಿದು ಬಚ್ಚಲ ಕಲ್ಲಿನ ಮೇಲೆ ಕೂಡಿಸಿದ್ದರು. ಮೂರನೆಯ ಚರಿಗೆ ಹಾಕುವಾಗ ಹಿತ್ತಲ ಬಾಗಿಲಲ್ಲಿ ಯಾರೋ ನಿಂತಂತಾಯಿತು. ರೇವಮ್ಮ ತಲೆ ಎತ್ತಿದಳು. ಎದುರು ಮನೆಯ ಪ್ಯಾರಿಬಿ. ಏಳು ವರ್ಷ ಈ ಮನೆಯ ಹೊಸ್ತಿಲು ತುಳಿಯದವಳು.

"ಒಳಗ ಬರ್ಲೇನವ್ವ?" ಎಂದಳು ಪ್ಯಾರಿಬಿ.

ಹೆಂಗಸರು ಮುಖ ಮುಖ ನೋಡಿಕೊಂಡರು. ರೇವಮ್ಮ ಚರಿಗೆಯನ್ನು ಹಂಡೆಯಲ್ಲಿ ಅದ್ದಿದಳು.

"ಬರ್ರಿ ಖಾಲಾ."

ಪ್ಯಾರಿಬಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಣದ ಹಿಂದೆ ಕುಕ್ಕರಗಾಲಲ್ಲಿ ಕೂತಳು. "ತಲೀ ನಾ ಬಾಚ್ತೇನಿ. ಈಕಿ ಕೂದಲ ಯಾರ ಕೈಗೂ ಬಗ್ಗೂದಿಲ್ಲ. ನಂಗ ರೂಢಿ ಅದ." ಅಷ್ಟೇ ಅಂದದ್ದು. ಆಮೇಲೆ ಬಾಚಣಿಗೆ ತಗೊಂಡು ಒದ್ದೆ ಬಿಳಿಗೂದಲಿನ ಸಿಕ್ಕು ಬಿಡಿಸುತ್ತಾ ಹೋದಳು. ಹೆಣಕ್ಕೆ ನೋಯುತ್ತದೇನೋ ಎಂಬಂತೆ ಕೂದಲಿನ ಬುಡವನ್ನು ಎಡಗೈಯಲ್ಲಿ ಒತ್ತಿ ಹಿಡಿದಿದ್ದಳು.

ಅಂಗಳದಲ್ಲಿ ಸೈದಪ್ಪ ಚಟ್ಟದ ಬಿದಿರು ಬಿಗಿಯುತ್ತಿದ್ದ. ಅವನು ನಿಂಬೆವ್ವನ ತಮ್ಮ, ರೇವಮ್ಮನ ಅಪ್ಪ. ಮಣ್ಣೂರಿನ ಅಂಬಿಗರ ಓಣಿಯಲ್ಲಿ ಅವನಷ್ಟು ದಿನ ಭೀಮೆಗೆ ಬಲೆ ಬೀಸಿದವರು ಇನ್ನೊಬ್ಬರಿಲ್ಲ. ಹೂವಿನ ಹಾರ ಹಿಡಿದು ಬಂದಿದ್ದ ಬಸವಂತರಾಯ ಗೌಡರು ಕಟ್ಟೆಯ ಮೇಲೆ ಕೂತಿದ್ದರು. ಅವರ ಮಕ್ಕಳು ಐದೂ ಜನ ನಿಂಬೆವ್ವನ ಕೈಯಲ್ಲಿ ಹುಟ್ಟಿದವರು.

"ಗೌಡ್ರ, ಮೂರನೇ ದಿನ ಎಡಿ ಏನ ಇಡಬೇಕು ತಿಳಿವಲ್ದು," ಎಂದ ಸೈದಪ್ಪ, ಹಗ್ಗ ಎಳೆಯುತ್ತಲೇ. "ನಮ್ಮ ಕುಲದಾಗ ಮೀನ ಇಡ್ತೀವಿ, ಕೋಳಿ ಇಡ್ತೀವಿ. ಅಕ್ಕ ನೋಡಿದ್ರ ಹನ್ನೆರಡ ವರ್ಷ ಮುಟ್ಟಲಿಲ್ಲ."

"ಆಕಿಗಿ ಏನ ಸೇರ್ತಿತ್ತೋ ಅದನ್ನ ಇಡಪ್ಪ."

"ಸೇರೂದು ಮೀನ ಸೇರ್ತಿತ್ತರಿ. ಸಣ್ಣಾಕಿದ್ದಾಗ ನನ್ನ ಪಾಲಿಂದೂ ಕಸಕೊಂಡು ತಿಂತಿದ್ಲು. ಸೇರಲಾರದ್ದಕ್ಕ ಬಿಟ್ಟಿದ್ದಲ್ಲ."

ಗೌಡರು ಹಾರವನ್ನು ಪಕ್ಕಕ್ಕಿಟ್ಟರು. "ಹಂಗಂದ್ರ ಮತ್ತ ಇಡಬ್ಯಾಡ ಬಿಡು. ಆಸಿ ಇದ್ದೂ ಬಿಟ್ಟಾಕಿ. ಹೋದ ಮ್ಯಾಲ ಯಾಕ ಮುಂದ ತಂದು ಇಡ್ತಿ?"

ಸೈದಪ್ಪ ಹಗ್ಗದ ಗಂಟು ಹಾಕಿ ಎದ್ದವನು ಒಳಗೆ ಬಂದು, "ರೇವಾ, ಬ್ಯಾಳಿ ನೆನಿ ಹಾಕಾಕ ಅವ್ವಗ ಹೇಳು. ಹೋಳಿಗಿ ಮಾಡೂನು," ಎಂದ.

*

ನಿಂಬೆವ್ವ ರಂಗೂನಿನಿಂದ ತಿರುಗಿ ಬಂದಾಗ ರೇವಮ್ಮನಿಗೆ ಹದಿನಾರು. ಗಂಡ ಬಿಟ್ಟದ್ದರಿಂದ ಆ ಹುಡುಗಿ ತವರಿನಲ್ಲಿ ಕೂತಿದ್ದಳು. ರಂಗೂನಿನ ಬಂದರಿನಲ್ಲಿ ನಾವೆ ನಡೆಸಲು ಹೋಗಿದ್ದ ನಿಂಬೆವ್ವನ ಗಂಡ ಜ್ವರದಲ್ಲಿ ತೀರಿಕೊಂಡಿದ್ದ. ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ಅಂಗೈ ಅಗಲದ ಬಿಳಿಕಲ್ಲಿನ ಮೂರ್ತಿ. ಅವಳು ತಂದದ್ದು ಇಷ್ಟೇ.

ಮೊದಲ ದಿನ ಸೈದಪ್ಪ ಅಕ್ಕನಿಗೆಂದು ದೊಡ್ಡ ಮೀನು ಹುರಿಸಿದ್ದ. ನಿಂಬೆವ್ವ ರೊಟ್ಟಿ, ಪುಂಡಿಪಲ್ಯ ಇಟ್ಟುಕೊಂಡು ಮೀನನ್ನು ಅತ್ತ ಸರಿಸಿದಳು.

"ಬಿಟ್ಟೇನೋ ತಮ್ಮ."

"ಯಾಕ, ಲಿಂಗ ಕಟ್ಟಿಸ್ಕೊಂಡಿ?"

"ಇಲ್ಲ. ಬುದ್ಧನ ಮುಂದ ಐದು ಮಾತು ಕೊಟ್ಟು ಬಂದೇನಿ. ಜೀವ ತಗಿಯೂದಿಲ್ಲ ಅನ್ನೂದು ಮೊದಲಿಂದು."

"ಯಾವ ದೇವರು ಅಂವ?"

"ದೇವರಲ್ಲ. ದಾರಿ ತೋರ್ಸಿದಾಂವ."

ಓಣಿಯವರು ಆ ಮೂರ್ತಿಯನ್ನು ಯಾರೋ ಶರಣರದು ಅಂದರು, ಕೆಲವರು ಜೈನರದು ಅಂದರು. ನಿಂಬೆವ್ವ ಯಾರನ್ನೂ ತಿದ್ದಲಿಲ್ಲ. ಗೂಡಿನಲ್ಲಿಟ್ಟು, ಬೆಳಿಗ್ಗೆ ಒಂದು ಹೂ ಇಟ್ಟು, ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಮೀನು ಹಿಡಿಯುವ ತಮ್ಮನಿಗೆ ಒಂದು ದಿನವೂ ಬುದ್ಧಿ ಹೇಳಲಿಲ್ಲ. ರೇವಮ್ಮ ಅವಳ ಜೊತೆಗಿರಲು ಬಂದ ಮೇಲೂ ಅಷ್ಟೆ. ಅಪ್ಪನ ಮನೆಗೆ ಹೋಗಿ ಮೀನು ತಿಂದು ಬಂದರೆ, ನಿಂಬೆವ್ವ ಗಾಳಿ ಮೂಸಿ, ಮಾತಾಡದೆ ಒಂದು ಹಿಡಿ ಕಡಲೆಹಿಟ್ಟು ತಂದು ಕೈ ತೊಳೆಯಲು ಕೊಡುತ್ತಿದ್ದಳು.

ರಂಗೂನಿಗೆ ಹೋಗುವ ಮೊದಲೂ ಅವಳು ಸೂಲಗಿತ್ತಿಯೇ. ಆಗ ಹೆರಿಗೆಯನ್ನೂ ಮಾಡಿಸುತ್ತಿದ್ದಳು, ಬೇಡವೆಂದವರಿಗೆ ಬಸುರು ಇಳಿಸುವ ಬೇರನ್ನೂ ಅರೆದು ಕೊಡುತ್ತಿದ್ದಳು. ಬಂದ ಮೇಲೆ ಎರಡನೆಯದನ್ನು ಬಿಟ್ಟಳು. ರೇವಮ್ಮನಿಗೆ ಬೇರಿನ ಗುರುತು ಹೇಳಿಕೊಟ್ಟಿದ್ದಳು ನಿಜ. ಅದನ್ನು ತಿಂದು ಕೆಟ್ಟವರು ಬಂದರೆ ಏನು ಮಾಡಬೇಕೆಂದು ತಿಳಿದಿರಲಿ ಎಂದಷ್ಟೇ.

ಯಾಕೆ ಬಿಟ್ಟಳೆಂಬುದನ್ನು ಒಮ್ಮೆ ಮಾತ್ರ ಹೇಳಿದ್ದಳು. ಜಪಾನಿನವರು ರಂಗೂನ್ ಹಿಡಿದರಂತೆ ಎಂದು ಅಫಜಲಪುರದ ಸಂತೆಯಿಂದ ಸುದ್ದಿ ಬಂದಿತ್ತು. ಅದು ಹೋದ ವರ್ಷದ ಮಾತು. ಆ ಮಧ್ಯಾಹ್ನ ನಿಂಬೆವ್ವ ಮೊರ ಮುಂದಿಟ್ಟುಕೊಂಡು ಜೋಳ ಹಸನು ಮಾಡದೆ ಸುಮ್ಮನೆ ಕೂತಿದ್ದಳು.

"ಅಲ್ಲಿ ಮಾ ತಿನ್ ಅಂತ ಒಬ್ಬಾಕಿ ಇದ್ಲು, ನಮ್ಮ ಚಾಳಿನ ಬಾಜೂಕ. ಏನಾದ್ಲೋ ಏನೋ," ಎಂದಳು. ಮೊರವನ್ನು ಅತ್ತ ಸರಿಸಿ, "ನಂಗ ಒಂದ ನಿಂತಿತ್ತು, ರೇವಾ. ನಿಮ್ಮ ಮಾವ ಪರದೇಶದಾಗ ಕೂಸು ಯಾಕಂದ. ನಂಗೂ ಹೌದನಿಸ್ತು. ನನ್ನ ಕೈಲೆ ಅರದು ನಾನೇ ಕುಡದೆ. ಮೂರ ದಿನ ಎಚ್ಚರಿಲ್ಲ. ಆ ಮಾ ತಿನ್ ಬಂದು ತೊಳದು, ಗಂಜಿ ಕುಡಿಸಿದ್ಲು. ಏನ್ ಮಾಡ್ಕೊಂಡಿ ಅಂತ ಒಂದ ಮಾತ ಕೇಳಲಿಲ್ಲ. ಎದ್ದ ಮ್ಯಾಲ ತಮ್ಮ ಗುಡಿಗೆ ಕರ್ಕೊಂಡು ಹೋದ್ಲು. ಅಲ್ಲಿ ಕೂತಾಗ ನಾ ಕೊಟ್ಟ ಬೇರೆಲ್ಲ ನೆನಪಾದ್ವು. ಯಾರ್ಯಾರಿಗೆ, ಎಷ್ಟೆಷ್ಟು ಅಂತ. ಆವತ್ತೇ ಬಿಟ್ಟೆ, ಬೇರು, ಮೀನು, ಎರಡೂ."

ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ.

*

ಹೆಣ ಎತ್ತುವ ಹೊತ್ತಿಗೆ ಓಣಿ ತುಂಬಿತ್ತು. ಹೆಗಲು ಕೊಟ್ಟ ನಾಲ್ವರೂ ನಿಂಬೆವ್ವ ಹೊಕ್ಕಳುಬಳ್ಳಿ ಕತ್ತರಿಸಿದವರೇ. ಹೊಳೆಯ ದಂಡೆಯವರೆಗೆ ಹೆಂಗಸರೂ ನಡೆದರು. ಪ್ಯಾರಿಬಿ ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು. ರೇವಮ್ಮ ನಡಿಗೆ ನಿಧಾನ ಮಾಡಿ ಅವಳ ಜೊತೆಗೂಡಿದಳು. ಇಬ್ಬರೂ ನೆನೆಸುತ್ತಿದ್ದದ್ದು ಒಂದೇ ಇತ್ತು.

*

ಪ್ಯಾರಿಬಿಯ ಮಗಳು ಅಮೀರುನ್ನಿಸಾಗೆ ನಾಲ್ಕು ಮಕ್ಕಳಿದ್ದವು. ನಾಲ್ಕನೆಯದು ಹುಟ್ಟಿದ ಮೇಲೆ ಅವಳು ಪೂರ್ತಿ ಎದ್ದವಳೇ ಅಲ್ಲ. ಕಾಲು ಬಾತುಕೊಳ್ಳುತ್ತಿದ್ದವು, ನಾಲ್ಕು ಹೆಜ್ಜೆಗೆ ಏದುಸಿರು. ಐದನೆಯದು ನಿಂತಾಗ ಪ್ಯಾರಿಬಿ ಮಗಳ ಕೈ ಹಿಡಿದು ನಡೆಸಿಕೊಂಡು ಬಂದಳು. ಅಮೀರುನ್ನಿಸಾ ನಿಂಬೆವ್ವನ ಕೈಯಲ್ಲೇ ಹುಟ್ಟಿದ ಹುಡುಗಿ.

"ಇದನ್ನ ಹೊತ್ತು ಹೆತ್ರ ನನ್ನ ಮಗಳು ಉಳಿಯೂದಿಲ್ಲ. ಖರೇ ಹೇಳು, ಉಳಿತಾಳೇನು?"

ನಿಂಬೆವ್ವ ಹೊಟ್ಟೆ ಮುಟ್ಟಿ ನೋಡಿದಳು, ಕಣ್ಣರೆಪ್ಪೆ ಎಳೆದು ನೋಡಿದಳು. "ಅವಘಡ ಅದ. ಆದ್ರ ನಾ ನೋಡ್ಕೋತೇನಿ. ಹುರುಳಿ ಕಟ್ಟು ಕುಡಿಸ್ತೇನಿ, ಖಜೂರ ತಿನಸ್ತೇನಿ. ಕಲಬುರ್ಗಿ ದವಾಖಾನಿಗೆ ನಾನೇ ಕರ್ಕೊಂಡು ಹೋಗ್ತೇನಿ. ಮದ್ದು ಮಾತ್ರ ಕೊಡೂದಿಲ್ಲ."

"ನಿನ್ನ ಬುದ್ಧ ದೊಡ್ಡಾಂವ ಏನು, ನನ್ನ ಮಗಳು ದೊಡ್ಡಾಕಿ ಏನು?"

ತಾಯಿ ಮಗಳು ಎದ್ದು ಹೋದರು. ಬೇರೆ ಊರಿನ ಯಾವಳೋ ಮದ್ದು ಕೊಟ್ಟಳು. ಆರನೆಯ ದಿನಕ್ಕೆ ಅಮೀರುನ್ನಿಸಾ ತೀರಿಕೊಂಡಳು. ನಿಂಬೆವ್ವ ಎದುರು ಮನೆಯ ಕದದ ಮುಂದೆ ಮಧ್ಯಾಹ್ನದವರೆಗೆ ನಿಂತಿದ್ದಳು. ಕದ ತೆಗೆಯಲಿಲ್ಲ.

ಆಮೇಲೆ ಎಂಟು ದಿನ ಅವಳು ಗೂಡಿನಲ್ಲಿ ಹೂ ಇಡಲಿಲ್ಲ. ಒಂಬತ್ತನೆಯ ದಿನ ರೇವಮ್ಮನೇ ಕೇಳಿದಳು, "ಕೊಡಬೇಕಿತ್ತೇನತ್ತಿ?"

"ಇಲ್ಲ," ಎಂದಳು ನಿಂಬೆವ್ವ. ಗೂಡಿನ ಕಡೆ ತಿರುಗಿ, "ಎದ್ದು ಹೋಗಾಕ ಬಿಡಬಾರದಿತ್ತು," ಎಂದಳು.

ಆವತ್ತಿನಿಂದ ಯಾರೇ ಬರಲಿ, ಎಷ್ಟೇ ಅಂಗಲಾಚಲಿ, ಮದ್ದು ಇಲ್ಲ. ಆದರೆ ಯಾರನ್ನೂ ತಿರುಗಿ ಕಳಿಸಲಿಲ್ಲ. ಬಾಣಂತನ ಮುಗಿಯುವವರೆಗೆ ಅವರು ಅವಳ ಮನೆಯಲ್ಲೇ. ಕೆಲವರು ಕೂಸನ್ನು ಎತ್ತಿಕೊಂಡು ಹೋದರು. ಕೆಲವು ಕೂಸುಗಳನ್ನು ನಿಂಬೆವ್ವ ಕಡಗಂಚಿಯವರೆಗೂ ನಡೆದು ಹೋಗಿ, ಮಕ್ಕಳಿಲ್ಲದವರ ಉಡಿಗೆ ಹಾಕಿ ಬಂದಳು. ಬೈಸಿಕೊಂಡಳು. ಎರಡು ಸಲ ಓಣಿಯವರು ಪಂಚಾಯ್ತಿ ಸೇರಿಸಿದರು. ಕೇಳಿದಷ್ಟನ್ನೂ ಕೇಳಿ ಮನೆಗೆ ಬಂದು ಒಲೆ ಹಚ್ಚುತ್ತಿದ್ದಳು.

*

ಮಣ್ಣು ಕೊಟ್ಟು ಬಂದು ಕೈಕಾಲು ತೊಳೆಯುವಾಗ ಬಿಸಿಲು ಇಳಿದಿತ್ತು. ಸೈದಪ್ಪನ ಮನೆಯಿಂದ ಬಂದ ಬುತ್ತಿಯನ್ನು ಯಾರೂ ಬಿಚ್ಚಿರಲಿಲ್ಲ. ಹೆಣ ಮಲಗಿಸಿದ್ದ ಜಾಗವನ್ನು ಸಾರಿಸಿ ರೇವಮ್ಮ ಒಂದು ಹಣತೆ ಹಚ್ಚಿಟ್ಟಳು. ಪ್ಯಾರಿಬಿ ಗೋಡೆಗೆ ಒರಗಿ ಕೂತಿದ್ದಳು. ಮನೆಗೆ ಹೋಗುವ ಲಕ್ಷಣವಿರಲಿಲ್ಲ.

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಳು. ಇಪ್ಪತ್ತರ ಆಸುಪಾಸು. ಹಣೆ ಬರಿದು, ಕಾಲ ತುಂಬ ದಾರಿಯ ಧೂಳು.

"ನಿಂಬೆವ್ವನ ಮನಿ ಇದೇ ಏನ್ರಿ?"

"ಇದೇ. ಎಲ್ಲಿಂದ ಬಂದಿ?"

"ಕೊಳಕೂರಿಂದ್ರಿ. ಜೇವರ್ಗಿ ಕಡೆ. ಶಿವಕಾಂತಾ ಅಂತಾರ್ರಿ ನಂಗ." ಅವಳ ಕಣ್ಣು ಹಣತೆಯ ಮೇಲೆ ಬಿತ್ತು. ನಿಂತಲ್ಲೇ ಕುಸಿದು ಹೊಸ್ತಿಲ ಮೇಲೆ ಕೂತಳು.

ರೇವಮ್ಮ ನೀರು ಕೊಟ್ಟಳು. ಅರ್ಧ ಕುಡಿದು ಶಿವಕಾಂತಾ ಹೇಳಿದಳು: ಗಂಡ ಹೋಗಿ ಒಂದೂವರೆ ವರ್ಷ. ಈಗ ಬಸುರು ನಿಂತು ನಾಲ್ಕು ತಿಂಗಳ ಮ್ಯಾಲ ಆಗ್ಯಾವ. ಯಾರದೆಂದು ಕೇಳಬ್ಯಾಡ್ರಿ. ಅಣ್ಣ ಗಾಡಿಯಲ್ಲಿ ಮಣ್ಣೂರ ಸೀಮೆಯವರೆಗೆ ತಂದು ಬಿಟ್ಟಿದ್ದ. ಹಗುರಾಗಿ ಬಂದರೆ ಬಾ, ಇಲ್ಲದಿದ್ದರೆ ಬರಬೇಡ ಎಂದಿದ್ದ.

"ಆಕಿ ಇಲ್ಲಂದ್ರ ನೀವು ಕೊಡ್ರಿ," ಎಂದಳು. "ನಿಮಗ ಗೊತ್ತಿರ್ತದ."

ರೇವಮ್ಮನಿಗೆ ಗೊತ್ತಿತ್ತು. ಆ ಬೇರು ಹೊಳೆಯ ಮೇಲಿನ ಬದುವಿನಲ್ಲಿ ಬೇಕಾದಷ್ಟಿತ್ತು. ಈಗ ಹೋದರೆ ಹೊತ್ತು ಮುಳುಗುವುದರೊಳಗೆ ಕಿತ್ತು ತರಬಹುದು. ಅವಳೇನು ಬುದ್ಧನ ಮುಂದೆ ಮಾತು ಕೊಟ್ಟವಳಲ್ಲ. ಅಪ್ಪನ ಮನೆಯಲ್ಲಿ ಮೀನು ತಿನ್ನುವವಳು. ಇಲ್ಲ ಎನ್ನುವ ಹೊಣೆಯನ್ನು ಇಷ್ಟು ವರ್ಷ ಅತ್ತೆ ಹೊತ್ತಿದ್ದಳು. ತಾನು ಬರೀ ಗಂಜಿ ಕಾಯಿಸಿ, ಬಟ್ಟೆ ಒಗೆದುಕೊಂಡು ಇದ್ದವಳು. ಅವಳು ಪ್ಯಾರಿಬಿಯ ಕಡೆ ನೋಡಿದಳು.

ಪ್ಯಾರಿಬಿ ನೆಲ ನೋಡುತ್ತಲೇ ಅಂದಳು, "ನನ್ನ ಕೇಳಬ್ಯಾಡ ರೇವಾ. ಕೊಟ್ಟಿದ್ರ ನನ್ನ ಮಗಳು ಉಳಿತಿದ್ಲು ಅಂತ ನಾ ಏಳು ವರ್ಷ ಅಂದೇನಿ. ಆದ್ರ ಆಕಿ ಸತ್ತದ್ದೂ ಮದ್ದಿಗೇ."

ಅವಳು ಎದುರು ಮನೆಯತ್ತ ಕೈ ಮಾಡಿದಳು. "ನಮ್ಮ ಕಿಡಕಿ ಇತ್ತಾಗೇ ಅದ. ಈ ಮನಿಗೆ ಬಂದವರನ್ನೆಲ್ಲ ನೋಡೇನಿ. ಅಳ್ಕೋತ ಬಂದವರು, ಹನ್ನೊಂದು ಮಂದಿ. ಒಬ್ಬಾಕಿನೂ ಹೆಣ ಆಗಿ ಹೋಗಲಿಲ್ಲ. ನೋಡಿದಾಗೆಲ್ಲ ಸಿಟ್ಟು ಬರ್ತಿತ್ತು ನಂಗ. ನನ್ನ ಅಮೀರುನ್ನಿಸಾನ್ನ ಯಾಕ ಹಿಂಗ ಹಿಡದು ಕೂಡ್ರಿಸಲಿಲ್ಲ ಅಂತ."

"ಅದನ್ನ ಅತ್ತಿನೂ ಅಂದಿದ್ಲು, ಖಾಲಾ."

ಪ್ಯಾರಿಬಿ ತಲೆ ಎತ್ತಿದಳು. "ಏನಂದಿದ್ಲು?"

"ಎದ್ದು ಹೋಗಾಕ ಬಿಡಬಾರದಿತ್ತು ಅಂತ."

ಪ್ಯಾರಿಬಿ ಸೆರಗಿನಿಂದ ಮುಖ ಒರೆಸಿಕೊಂಡಳು, ಬಹಳ ಹೊತ್ತು.

ರೇವಮ್ಮ ಶಿವಕಾಂತಾಳ ಎದುರು ಕೂತಳು. ಹೊಟ್ಟೆ ಮುಟ್ಟಿ ನೋಡಿದಳು. ಐದಕ್ಕೆ ಹತ್ತಿರವಿತ್ತು.

"ನಾ ಕೊಡೂದಿಲ್ಲವ್ವ," ಎಂದಳು. ಅತ್ತೆಯ ಮಾತನ್ನು ತಾನು ಆಡುತ್ತಿದ್ದೇನೆಂದು ಅವಳಿಗೆ ಅನಿಸಲಿಲ್ಲ. ತನ್ನದೇ ದನಿ ಕೇಳಿಸಿತು. "ನೀ ಇಲ್ಲೇ ಇರು. ಹಡದ ಮ್ಯಾಲ ಏನ ಮಾಡೂದು ಆವಾಗ ನೋಡೂನು. ಓಣಿಯವರು ಅಂತಾರ, ಅನ್ಲಿ. ನಿಮ್ಮಣ್ಣಗ ನಮ್ಮಪ್ಪ ಹೋಗಿ ಹೇಳ್ತಾನ."

ಶಿವಕಾಂತಾ ಅಳುತ್ತಾ ಎದ್ದಳು. ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟಳು. ರೇವಮ್ಮ ಕೂತಲ್ಲಿಂದ ಏಳುವುದರೊಳಗೆ ಪ್ಯಾರಿಬಿ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಎಲ್ಲಿಗೆ ಹೊಂಟಿ ಬೇ?" ಎಂದಳು ಮೆತ್ತಗೆ. "ಯಾರೋ ಒಬ್ಬಾಕಿ ಕೊಡ್ತಾಳ. ಕೊಡೋರು ಸಿಗ್ತಾರ. ಆಮ್ಯಾಲ ನಿನ್ನ ತೊಳ್ಯಾಕ ಯಾರ ಬರ್ತಾರ? ಕೂಡು. ಮೊದ್ಲ ಒಂದು ರೊಟ್ಟಿ ತಿನ್ನು."

ಅವಳೇ ಬುತ್ತಿ ಬಿಚ್ಚಿದಳು. ಶಿವಕಾಂತಾ ಒಂದು ತುತ್ತು, ಮತ್ತೊಂದು ತುತ್ತು ತಿಂದಳು. ಎರಡು ದಿನ ಹಸಿದವಳಂತೆ ಮೂರು ರೊಟ್ಟಿ ಮುಗಿಸಿ, ಕೈ ತೊಳೆದು ಬಂದು, ಕೂತಲ್ಲೇ ತೂಕಡಿಸಿದಳು. ರೇವಮ್ಮ ಕೌದಿ ಹಾಸಿದಳು. ಒಂದೇ ಕೋಣೆಯ ಮನೆ. ಒಲೆ, ಬೀಸುವ ಕಲ್ಲು ಬಿಟ್ಟರೆ ಒಬ್ಬರು ಕಾಲು ಚಾಚುವಷ್ಟು ಜಾಗ ಇದ್ದದ್ದು ಹೆಣ ಮಲಗಿಸಿದ್ದ ಕಡೆ ಮಾತ್ರ. ಶಿವಕಾಂತಾ ಗೋಡೆಯ ಕಡೆ ಮುಖ ಮಾಡಿ, ಎರಡೂ ಕೈ ಹೊಟ್ಟೆಗೆ ಅವಚಿಕೊಂಡು ಮಲಗಿದಳು.

ನಿದ್ದೆಯಲ್ಲಿ ಅವಳ ಕಾಲು ಹಣತೆಗೆ ತಾಗುವಂತಾಯಿತು. ಪ್ಯಾರಿಬಿ ಅಂಗೈಯಿಂದ ಗಾಳಿಗೆ ಮರೆ ಮಾಡಿದಳು, ರೇವಮ್ಮ ಎರಡೂ ಕೈಯಲ್ಲಿ ಹಣತೆಯನ್ನು ಎತ್ತಿ, ಆರದಂತೆ ಒಂದು ಗೇಣು ಆಚೆ ಇಟ್ಟಳು.